ಕನ್ನಡದ ಅರ್ಜಿಯನ್ನು ವಾಪಸು ಕೊಡಬಹುದಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯವ. ತೋಟದ ಗಡಿ ಅಳೆದು ಕೊಡಿ ಅಂತ ಒಂದು ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದೆ. ‘ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ’ ಅಂತ ವಾಪಸು ಕೊಟ್ಟರು. ಸಂವಿಧಾನದಲ್ಲಿ ನಮಗೆ ಹಕ್ಕುಂಟು ಅಂತ ಎಲ್ಲರೂ ಹೇಳ್ತಾರೆ, ಎಲ್ಲುಂಟು ಅಂತ ಯಾರೂ ಹೇಳುವುದಿಲ್ಲ.

ಉತ್ತರ: 350ನೇ ವಿಧಿಯಲ್ಲುಂಟು. ಕುಂದುಕೊರತೆ ಇದ್ದವರು ಯಾವ ಅಧಿಕಾರಿಗೇ ಆಗಲಿ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. ಆದರೆ ಅಲ್ಲಿಗೇ ನಿಲ್ಲುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಆ ವಿಧಿಯಲ್ಲಿ ಒಂದಕ್ಷರ ಇಲ್ಲ. ಗಡಿ ಅಳತೆಯ ಅರ್ಜಿ ‘ಕುಂದುಕೊರತೆ’ ಅಲ್ಲ ಅಂತ ವಾದಿಸುವವರೂ ಸಿಗುತ್ತಾರೆ!

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ. ನಮ್ಮವರು ಭಾಷಣದಲ್ಲಿ ಅದರ ಹೆಸರೆತ್ತುವುದೇ ಕಡಿಮೆ. ತಮಿಳು, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಅಲ್ಪಸಂಖ್ಯಾತ ಪ್ರದೇಶ ಅಂತ ಸರಕಾರ ಘೋಷಿಸಿದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಅದರಲ್ಲುಂಟು. ಅಧಿಕಾರಿಯ ಅಧಿಕಾರ ಕಾನೂನಿನಿಂದ ಬಂದದ್ದು. ‘ನಮ್ಮಲ್ಲಿ ಕನ್ನಡ ಓದುವವರಿಲ್ಲ’ ಅಂದರೆ ಅದು ಕಚೇರಿಯ ತಾಪತ್ರಯ, ನಿಮ್ಮ ತಪ್ಪಲ್ಲ.

ಇನ್ನೊಬ್ಬರು: ಹಾಗಾದರೆ ಇದು ಮೂಲಭೂತ ಹಕ್ಕಲ್ವಾ? ನೇರ ಸುಪ್ರೀಂ ಕೋರ್ಟಿಗೇ ಹೋದರೆ?

ಉತ್ತರ: ಅವಸರ ಮಾಡಬೇಡಿ ಮಾರಾಯ್ರೇ. 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ನೇರ ಹೋಗುವುದು ಮೂರನೇ ಭಾಗದ ಮೂಲಭೂತ ಹಕ್ಕುಗಳಿಗೆ ಮಾತ್ರ. ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ 29ನೇ ವಿಧಿ ಅದರಲ್ಲಿದೆ. 350 ಇರುವುದು ಹದಿನೇಳನೇ ಭಾಗದಲ್ಲಿ. ಅದು ಸಾಂವಿಧಾನಿಕ ಹಕ್ಕು ಹೌದು, ಮೂಲಭೂತ ಹಕ್ಕಲ್ಲ. ಅದಕ್ಕೆ 226ನೇ ವಿಧಿಯಡಿ ಎರ್ನಾಕುಳಂನ ಹೈಕೋರ್ಟ್ ಇದೆ. ಮೂಲಭೂತ ಹಕ್ಕಿಗೂ ‘ಇತರ ಯಾವುದೇ ಉದ್ದೇಶಕ್ಕೂ’ ಅಲ್ಲಿ ರಿಟ್, ಅಂದರೆ ಅಧಿಕಾರಿಗೆ ಆದೇಶ ಕೊಡಿ ಅಂತ ಕೇಳುವ ಅರ್ಜಿ, ಹಾಕಬಹುದು.

ಮತ್ತೊಬ್ಬರು: ರಾಜ್ಯಗಳ ಗಡಿ ವಿವಾದಕ್ಕೆ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ ವರದಿ ಜಾರಿಯಾಗಿದ್ದರೆ ಈ ತಲೆಬಿಸಿಯೇ ಇರುತ್ತಿರಲಿಲ್ಲ.

ಉತ್ತರ: ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕು ಅಂತ 1967ರಲ್ಲಿ ಶಿಫಾರಸಾದದ್ದು ನಿಜ. ಆದರೆ ಆಯೋಗದ ವರದಿ ಕಾನೂನಲ್ಲ. ಗಡಿ ಬದಲಿಸುವ ಅಧಿಕಾರ 3ನೇ ವಿಧಿಯಡಿ ಸಂಸತ್ತಿಗೆ ಮಾತ್ರ. ರಾಜ್ಯ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಅದರಂತೆಯೇ ನಡೆಯಬೇಕೆಂದಿಲ್ಲ. ಅದು ಬೇರೆಯೇ ಚರ್ಚೆ, ಇವರ ತೋಟದ ಅಳತೆ ಅದಕ್ಕೆ ಕಾಯುವುದು ಬೇಡ.

ಪ್ರಶ್ನೆ ಕೇಳಿದವರು: ಉಪಕಾರ ಆಯ್ತು. ನಾಳೆ ಮತ್ತೆ ಹೋಗ್ತೇನೆ.

ಉತ್ತರ: ಅರ್ಜಿಯ ಮೇಲ್ಗಡೆಯೇ 1969ರ ಕಾಯ್ದೆಯ ಹೆಸರು ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಜಗಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ.