ಪದಚರ್ಚೆ: ಮೇಕಪ್ಪಿನ ‘ಬ್ಲೆಂಡ್’ಗೆ ಕನ್ನಡದಲ್ಲಿ ಏನು? ಕರಪತ್ರ ಇವತ್ತೇ ಅಚ್ಚಿಗೆ

ಸು. ಕ., ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಅಂಗಡಿಗೆ ಚಳಿಗಾಲದ ಹೊಸ ಮೇಕಪ್, ಬ್ರಶ್, ಸ್ಕಿನ್‌ಕೇರ್ ಮಾಲಿನ ಕರಪತ್ರ ಕನ್ನಡದಲ್ಲಿ ಆಗಬೇಕಿದೆ. ಸಂಜೆ ಆರಕ್ಕೆ ಪ್ರೆಸ್ಸಿಗೆ ಕೊಡಬೇಕು. ಓದುವವರು ಪಾರ್ಲರಿನವರಲ್ಲ, ಮನೆಯಲ್ಲೇ ಹಚ್ಚಿಕೊಳ್ಳುವವರು. ಪ್ರೈಮರ್ (ಫೌಂಡೇಶನ್ನಿಗೆ ಮೊದಲು ಹಚ್ಚುವುದು), ಫೌಂಡೇಶನ್ (ಮುಖದ ಬಣ್ಣ ಒಂದೇ ಸಮ ಕಾಣಿಸುವ ಲೇಪ), ಸೀರಮ್ ಹಾಗೇ ಇರಲಿ ಎಂದುಕೊಂಡಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಇಲ್ಲಿ:

‘ಬ್ಲೆಂಡ್’, ಅಂದರೆ ಬ್ರಶ್ಶಿನಿಂದ ಫೌಂಡೇಶನ್ ಹಚ್ಚುವಾಗ ಮಾಡುವುದು. ಸದ್ಯಕ್ಕೆ ‘ಚೆನ್ನಾಗಿ ಬೆರೆಸಿ’ ಎಂದಿದೆ. ‘ಪ್ಯಾಚ್ ಟೆಸ್ಟ್’, ಅಂದರೆ ಒಗ್ಗುತ್ತದೆಯೇ ಎಂದು ಮೊದಲು ಸ್ವಲ್ಪ ಹಚ್ಚಿ ನೋಡುವುದು. ‘ಎಕ್ಸ್‌ಫೋಲಿಯೇಟ್’, ಅಂದರೆ ಸತ್ತ ಚರ್ಮ ತೆಗೆಯುವುದು, ಲ್ಯಾಕ್ಟಿಕ್ ಆಮ್ಲದ ಬಾಟಲಿಯ ಮೇಲಿದೆ. ‘ಉಜ್ಜಿ’ ಅಂದರೆ ಸಾಕೇ? ‘ಡ್ಯಾಂಪ್ ಸ್ಪಂಜ್’, ಫೌಂಡೇಶನ್ ಹಚ್ಚಲು ಬಳಸುವ ತೇವದ ಸ್ಪಂಜು. ಇನ್ನೊಂದು, ಬ್ರಶ್ಶಿನ ಕೂದಲನ್ನು ಹಿಡಿಗೆ ಬಿಗಿದಿರುತ್ತದಲ್ಲ ಲೋಹದ ಪಟ್ಟಿ, ಅದಕ್ಕೊಂದು ಹೆಸರು. ತಲೆಬರಹ ‘ಈ ಹಂಗಾಮಿಗೆ ಹೊಸದು’.

ನಾ. ರಾ., ಮೈಸೂರು:

ಬ್ಲೆಂಡಿಗೆ ಇಷ್ಟು ತಡಕಾಟವೇ? ಹಳಗನ್ನಡದಲ್ಲಿ ‘ಪೂಸು’ ಇದೆ, ಅಂದರೆ ಸವರು, ಬಳಿ. ಗಂಧ ಪೂಸುವುದು, ಕತ್ತುರಿ ಪೂಸುವುದು. ತಮಿಳಿನಲ್ಲಿ ಇವತ್ತಿಗೂ ದಿನಬಳಕೆಯ ಮಾತು. ಪ್ರಸಾಧನಕ್ಕೆ ಹೇಳಿಮಾಡಿಸಿದಂಥ ಧಾತುವನ್ನು ನಾವು ಕೈಬಿಟ್ಟು ಕೂತಿದ್ದೇವೆ. ‘ಫೌಂಡೇಶನ್ ಪೂಸಿ’ ಎನ್ನಿ, ಮುಗಿಯಿತು.

ಗಿ. ಭ.:

ಪಾಲು ಹಾಲಾಯಿತು, ಪೂವು ಹೂವಾಯಿತು. ‘ಪೂಸು’ ಹೊಸಗನ್ನಡದಲ್ಲಿ ಏನಾಗುತ್ತದೆ ಅಂತ ತಾವೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ ಸ್ವಾಮಿ, ಆಮೇಲೆ ಕರಪತ್ರಕ್ಕೆ ಹಾಕೋಣ. ಪಕಾರವನ್ನೇ ಉಳಿಸಿಕೊಂಡರೂ ಬೆಂಗಳೂರಿನಲ್ಲಿ ಪೂಸಿ ಹೊಡೆಯುವುದು ಮುಖಕ್ಕಲ್ಲ, ಮೇಲಧಿಕಾರಿಗೆ.

ವ. ಶೆ., ಬೆಂಗಳೂರು:

ಮೊದಲು ‘ಬೆರೆಸಿ’ ತೆಗೆಯಿರಿ. ಅದು ಒಗ್ಗದ ಪದ ಮಾತ್ರವಲ್ಲ, ತಪ್ಪು ಸೂಚನೆ. ಬೆರೆಸಬೇಕಾದರೆ ಎರಡು ವಸ್ತು ಬೇಕು. ಓದಿದವರು ಅಂಗೈಯಲ್ಲಿ ಫೌಂಡೇಶನ್ ಹಾಕಿಕೊಂಡು ಅದಕ್ಕೆ ಸನ್‌ಸ್ಕ್ರೀನ್ ಸೇರಿಸಿ ಕಲಸುತ್ತಾರೆ. ಹಾಗೆ ಕಲಸಿದರೆ ಸನ್‌ಸ್ಕ್ರೀನ್ ಮುಖದ ಮೇಲೆ ಒಂದೇ ಸಮನಾದ ಪದರವಾಗಿ ಕೂರುವುದಿಲ್ಲ, ಡಬ್ಬದ ಮೇಲಿನ, ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಎಸ್‌ಪಿಎಫ್ ಲೆಕ್ಕಕ್ಕಿಲ್ಲ. ಆ ಸಂಖ್ಯೆ ಬಂದಿರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಾಗ. ಮುಖಕ್ಕೂ ಕುತ್ತಿಗೆಗೂ ಸೇರಿ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಬೇಕು. ಫೌಂಡೇಶನ್ನನ್ನು ಅಷ್ಟು ಯಾರೂ ಬಳಿದುಕೊಳ್ಳುವುದಿಲ್ಲ; ಆದ್ದರಿಂದ ಫೌಂಡೇಶನ್ನಿನಲ್ಲೇ ಎಸ್‌ಪಿಎಫ್ ಇದ್ದರೂ ಸನ್‌ಸ್ಕ್ರೀನ್ ಬೇರೆಯಾಗಿ, ಮೊದಲೇ ಹಚ್ಚಬೇಕು.

ಬ್ಲೆಂಡ್ ಎಂಬಲ್ಲಿ ಆಗಬೇಕಾದದ್ದು ಬೇರೆ: ಬಣ್ಣ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂದು ಗೊತ್ತಾಗಬಾರದು. ಗೆರೆ ಉಳಿಯುವ ಜಾಗ ಮೂರು: ದವಡೆಯ ಕೆಳಗೆ, ಕಿವಿಯ ಮುಂದೆ, ಹಣೆಯ ಮೇಲೆ ಕೂದಲು ಶುರುವಾಗುವಲ್ಲಿ. ಕೈ ಮಾಡುವ ಕೆಲಸವೂ ಒಂದಲ್ಲ, ಎರಡು. ದಟ್ಟ ಕೂದಲಿನ ಚಪ್ಪಟೆ ತಲೆಯ ಬ್ರಶ್ಶಿನಿಂದ ಮೊದಲು ತಟ್ಟಿ ಕೂರಿಸುವುದು, ಆಮೇಲೆ ಅಂಚನ್ನು ಹಗುರಕ್ಕೆ ತೀಡುವುದು. ಚಳಿಗಾಲದಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಒಣಗಿದ ಚರ್ಮದ ಮೇಲೆ ಬ್ರಶ್ ಎಳೆದರೆ ಮೂಗಿನ ಪಕ್ಕದಲ್ಲಿ ಹೊಟ್ಟು ಏಳುತ್ತದೆ, ಬಣ್ಣ ಅದಕ್ಕೇ ಕಚ್ಚಿಕೊಂಡು ಚುಕ್ಕೆ ಚುಕ್ಕೆ ಕಾಣುತ್ತದೆ. ಒಂದೇ ಪದ ಹುಡುಕಬೇಡಿ. ಹೀಗೆ ಹಾಕಿ:

‘ಕಡಲೆಕಾಳಿನಷ್ಟು ತೆಗೆದುಕೊಂಡು ಹಣೆ, ಮೂಗು, ಕೆನ್ನೆ, ಗಲ್ಲದ ಮೇಲೆ ಚುಕ್ಕೆ ಇಡಿ. ನಡುವಿನಿಂದ ಹೊರಗೆ ತಟ್ಟುತ್ತ ಹರಡಿ. ಕೊನೆಯಲ್ಲಿ ಅಂಚಿನ ಗೆರೆ ಕಾಣದ ಹಾಗೆ ತೀಡಿ.’

ಕಾಡಿಗೆ ತೀಡುವುದು, ಹುಬ್ಬು ತೀಡುವುದು, ತಲೆ ತೀಡುವುದು ಎಲ್ಲ ಬಳಕೆಯಲ್ಲಿವೆ. ಹೊಸದಾಗಿ ಏನೂ ಕಟ್ಟಬೇಕಿಲ್ಲ.

ಕಿ. ಗೌ., ಹಾಸನ:

ಪ್ರಯ್ಮರ್, ಪವುಂಡೇಶನ್ ಎಲ್ಲ ಹಾಗೇ ಬಿಟ್ಟರೆ ಕನ್ನಡಕ್ಕೆ ಉಳಿಯುವುದು ‘ಮತ್ತು’, ‘ಅತವಾ’ ಮಾತ್ರ. ನುಡಿ ಬೆಳೆಯುವುದು ಹೆಸರುಪದದಿಂದ. ಪ್ರಯ್ಮರ್: ಅಡಿಹಚ್ಚು. ಪವುಂಡೇಶನ್: ಮೊಗಹಚ್ಚು. ಸ್ಕಿನ್‌ಕೇರ್: ತೊಗಲಾರಯ್ಕೆ. ಪ್ಯಾಚ್ ಟೆಸ್ಟ್: ತೇಪೆಯೊರೆ. ಎಕ್ಸ್‌ಪೋಲಿಯೇಟ್ ಮಾಡುವುದಕ್ಕೆ ‘ಪೊರೆ ಬಿಡಿಸು’. ತಲೆಬರಹದ ‘ಹಂಗಾಮು’ ಪಾರಸಿ. ‘ಈ ಚಳಿಗೆ ಹೊಸತು’ ಅಂದರೆ ಯಾರಿಗೆ ತಿಳಿಯುವುದಿಲ್ಲ?

ಗಿ. ಭ.:

ತೊಗಲು ಈಗ ಚಪ್ಪಲಿಗೆ, ತಮಟೆಗೆ, ಬೊಂಬೆಗೆ. ಮುಖಕ್ಕೆ ತೊಗಲಾರೈಕೆ ಮಾಡಿಸಿಕೊಳ್ಳಲು ದುಡ್ಡು ಬಿಚ್ಚುವವರು ಸಿಕ್ಕರೆ ತಿಳಿಸಿ. ಜಾಹೀರಾತಿನವರ ‘ತ್ವಚೆ’ಯೂ ಬೇಡ, ಅದನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ‘ಚರ್ಮ’ ಸಾಕು. ಪೊರೆ ಅಂದರೆ ಹಾವಿನದು, ಇಲ್ಲವೇ ಕಣ್ಣಿನದು. ಆಮ್ಲದ ಬಾಟಲಿಯ ಮೇಲೆ ‘ಪೊರೆ ಬಿಡಿಸುತ್ತದೆ’ ಅಂತ ಅಚ್ಚು ಹಾಕಿಸಿ, ಮನೆಯ ಅಜ್ಜಿ ಅದನ್ನು ಕಣ್ಣಿಗೆ ಬಿಟ್ಟುಕೊಂಡರೆ ಹೊಣೆ ಯಾರು?

ಡಾ. ಮ., ಮಂಗಳೂರು:

ಕಣ್ಣಿನ ಮಾತು ತಮಾಷೆಯಾಗಿ ಬಂದಿದ್ದರೂ ಆಮ್ಲದ ವಿಷಯ ಗಂಭೀರ. ‘ಉಜ್ಜಿ’ ಬೇಡವೇ ಬೇಡ. ಲ್ಯಾಕ್ಟಿಕ್ ಆಮ್ಲ ಸತ್ತ ಕೋಶಗಳು ಒಂದಕ್ಕೊಂದು ಹಿಡಿದುಕೊಂಡಿರುವ ಬಿಗಿಯನ್ನು ಸಡಿಲಿಸುತ್ತದೆ, ಕೆಲಸವೆಲ್ಲ ಅದರದ್ದೇ. ಕೈ ತೆಳುವಾಗಿ ಸವರಿ ಸುಮ್ಮನಾಗಬೇಕು. ಜೊತೆಗೆ ಉಜ್ಜಿದರೆ, ಅಥವಾ ಅದೇ ರಾತ್ರಿ ಸ್ಕ್ರಬ್ಬನ್ನೂ ಬಳಸಿದರೆ, ಉರಿದು ಕೆಂಪಾಗುತ್ತದೆ. ನಮ್ಮ ಕಂದುಬಣ್ಣದ ಚರ್ಮದಲ್ಲಿ ಆ ಉರಿ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ‘ಸತ್ತ ಚರ್ಮ ಬಿಡಿಸುವ ದ್ರವ. ಸವರಿ, ಉಜ್ಜಬೇಡಿ. ಮೊದಮೊದಲು ವಾರಕ್ಕೆ ಒಂದೆರಡು ರಾತ್ರಿ ಸಾಕು. ಬಿರಿದ, ಗಾಯವಾದ ಕಡೆ ಬೇಡ. ಹಗಲು ಸನ್‌ಸ್ಕ್ರೀನ್ ತಪ್ಪಿಸಬೇಡಿ.’ ಕೊನೆಯ ಮಾತು ಅಲಂಕಾರಕ್ಕಲ್ಲ. ಈ ಜಾತಿಯ ಆಮ್ಲ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ.

‘ಪ್ಯಾಚ್ ಟೆಸ್ಟ್’ ಎಂಬ ಹೆಸರೂ ಇಲ್ಲಿ ಸರಿಯಲ್ಲ. ಆಸ್ಪತ್ರೆಯಲ್ಲಿ ಅದು ಬೇರೆ: ಅಲರ್ಜಿ ತರಬಲ್ಲ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡಿ, ಒಂದೆರಡು ದಿನ ಕಳೆದು ಮತ್ತೆ ನೋಡುತ್ತಾರೆ. ಅಂಗಡಿಯವರು ಹೇಳುವುದು ಹಚ್ಚಿ ನೋಡುವುದನ್ನು ಮಾತ್ರ. ಅದನ್ನೇ ಬರೆಯಿರಿ: ‘ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲ ಹಚ್ಚಿ ನೋಡಿ. ದಿನಕ್ಕೆರಡು ಸಲ, 7ರಿಂದ 10 ದಿನ. ತುರಿಕೆ, ಕೆಂಪು, ಊತ ಕಂಡರೆ ತೊಳೆದು ನಿಲ್ಲಿಸಿ.’ ‘ಒಂದು ರಾತ್ರಿ ನೋಡಿ’ ಅಂತ ಮೊಟಕು ಮಾಡಬೇಡಿ, ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವುದೂ ಉಂಟು. ಫೇಸ್‌ವಾಶ್‌ನಂಥದ್ದಾದರೆ ಐದು ನಿಮಿಷ ಬಿಟ್ಟು ತೊಳೆದರೆ ಆಯಿತು. ಇನ್ನೂ ಒಂದು ಕಿವಿಮಾತು: ನಾಲ್ಕು ಹೊಸ ವಸ್ತು ಒಂದೇ ದಿನ ಶುರುಮಾಡಿದರೆ ಯಾವುದು ಕೈಕೊಟ್ಟಿತು ಎಂದು ಯಾವ ವೈದ್ಯರಿಗೂ ಹೇಳಲಾಗುವುದಿಲ್ಲ. ‘ಒಂದೊಂದಾಗಿ’ ಎಂಬ ಪದಕ್ಕೆ ಕರಪತ್ರದಲ್ಲಿ ಜಾಗ ಮಾಡಿ.

ಶ್ರೀ. ಹೆ., ಉಡುಪಿ:

ಕ್ರಿಯಾಪದವೇ ಮುಖ್ಯ ಎಂಬುದಕ್ಕೆ ನಮ್ಮ ಕಡೆಯ ಸಾಕ್ಷಿ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮುಖವರ್ಣಿಕೆ ಎಂಬ ಒಂದೇ ನಾಮಪದದ ಒಳಗೆ ಬಣ್ಣ ಹಚ್ಚುವುದು, ಗೆರೆ ಬರೆಯುವುದು, ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಅಕ್ಕಿ, ಸುಣ್ಣದ ಚುಟ್ಟಿ (ಮುಖದ ಮೇಲಿನ ಬಿಳಿ ಉಬ್ಬು) ಇಡುವುದು ಎಂದು ಬೇರೆ ಬೇರೆ ಕೆಲಸವುಂಟು. ಚುಟ್ಟಿಯನ್ನು ಯಾರೂ ‘ಹಚ್ಚು’ವುದಿಲ್ಲ. ಹೆಸರೂ ಬೇಕೆಂದಾದರೆ ಫೌಂಡೇಶನ್ನಿಗೂ ‘ಮುಖವರ್ಣಿಕೆ’ ಎನ್ನಬಾರದೇಕೆ?

ವ. ಶೆ.:

ಮೊದಲರ್ಧ ಒಪ್ಪಿದೆ. ಕೊನೆಯ ಪ್ರಶ್ನೆಗೆ ಉತ್ತರ: ವೇಷ ದೂರದಿಂದ ಕಾಣಬೇಕು, ಫೌಂಡೇಶನ್ ಹತ್ತಿರದಿಂದಲೂ ಕಾಣಬಾರದು.

ಸ್ಪಂಜಿನ ವಿಷಯ ಯಾರೂ ಮುಟ್ಟಿಲ್ಲ. ‘ಒದ್ದೆ ಸ್ಪಂಜ್’ ಎಂದರೆ ನೀರು ತೊಟ್ಟಿಕ್ಕುವ ಸ್ಪಂಜನ್ನೇ ಮುಖಕ್ಕೆ ತರುತ್ತಾರೆ. ಬಣ್ಣ ತೆಳ್ಳಗಾಗಿ ಪಟ್ಟೆ ಬೀಳುತ್ತದೆ. ಒಣಗಿದ್ದನ್ನೇ ಬಳಸಿದರೆ ಅರ್ಧ ಫೌಂಡೇಶನ್ ಅದೇ ಕುಡಿಯುತ್ತದೆ. ‘ನೀರಿನಲ್ಲಿ ಅದ್ದಿ, ಪೂರ್ತಿ ಉಬ್ಬಿದ ಮೇಲೆ ಹಿಂಡಿ, ಒಣ ಬಟ್ಟೆಯಲ್ಲಿ ಒಮ್ಮೆ ಒತ್ತಿ.’ ಉದ್ದವಾಯಿತು ಎನ್ನಬೇಡಿ.

ಪ್ರೈಮರಿನ ಕೆಳಗೂ ಒಂದು ಸಾಲು ಬೇಕು. ಮಾಯಿಶ್ಚರೈಸರ್ ಆರುವ ಮೊದಲೇ ಸಿಲಿಕೋನ್ ಪ್ರೈಮರ್ ಹಾಕಿ, ಅದರ ಮೇಲೆ ನೀರಿನಂಶ ಹೆಚ್ಚಿರುವ ಫೌಂಡೇಶನ್ ಉಜ್ಜಿದರೆ ಎಲ್ಲ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಮಾಲು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ತರುವುದು ಇದೇ ಕಾರಣಕ್ಕೂ ಇರಬಹುದು. ‘ಒಂದು ಪದರ ಆರಿದ ಮೇಲೆ ಇನ್ನೊಂದು, ನಡುವೆ ಐದು ನಿಮಿಷ ಬಿಡಿ.’

ನಾ. ರಾ.:

‘ಪೂಸು’ವಿನ ಬಗ್ಗೆ ಕುಹಕವಾಡಿದವರು ಧಾತುವಿಗೆ ಉತ್ತರ ಕೊಟ್ಟಿಲ್ಲ. ಇರಲಿ. ಬ್ರಶ್ಶಿನ ಲೋಹದ ಪಟ್ಟಿಗೆ ‘ಅಣಸು’. ಒನಕೆಯ ತುದಿಗೆ ಹಾಕುತ್ತಿದ್ದ ಬಳೆ ಅದೇ. ಇದಕ್ಕೂ ನಗುವವರು ನಗಲಿ.

ಗಿ. ಭ.:

ನಗುವುದಿಲ್ಲ. ಪದ ಸೊಗಸಾಗಿದೆ, ಸರಿಯಾಗಿಯೂ ಇದೆ. ಒನಕೆ ಮಾತ್ರ ಈಗ ಯಾರ ಮನೆಯಲ್ಲೂ ಇಲ್ಲ.

ವ. ಶೆ.:

‘ಲೋಹದ ಬಳೆ’ ಎಂದರೆ ಇಬ್ಬರಿಗೂ ಆಯಿತು. ಹೆಸರಿಗಿಂತ ಅದು ಯಾಕೆ ಬೇಕು ನೋಡಿ: ಬ್ರಶ್ ತೊಳೆಯುವಾಗ ಬಳೆಯೊಳಗೆ ನೀರು ಹೋದರೆ ಅಂಟು ಬಿಟ್ಟು ಕೂದಲು ಉದುರುತ್ತದೆ. ‘ವಾರಕ್ಕೊಮ್ಮೆ ತೊಳೆಯಿರಿ. ಕೂದಲು ಕೆಳಮುಖವಾಗಿರಲಿ, ಲೋಹದ ಬಳೆ ನೆನೆಯದಿರಲಿ. ಉಗುರು ಬೆಚ್ಚಗಿನ ನೀರು, ಎರಡು ಹನಿ ಶಾಂಪೂ.’

ಕಿ. ಗೌ.:

ಕೊನೆಗೆ ಶಾಂಪೂ. ಇಂಗ್ಲಿಶ್ ಇಲ್ಲದೆ ಕೂದಲೂ ತೊಳೆಯಲಾಗದು ಅನ್ನಿ.

ಗಿ. ಭ.:

ಶಾಂಪೂ ಇಲ್ಲಿಂದಲೇ ಅಲ್ಲಿಗೆ ಹೋದದ್ದು. ಹಿಂದಿಯ ‘ಚಾಂಪೋ’, ಅಂದರೆ ‘ಒತ್ತು, ತಿಕ್ಕು’. ತಲೆ ಒತ್ತುವುದು ಹೋಗಿ ನೊರೆಯಾಗಿ ತಿರುಗಿ ಬಂತು. ಪಾರಸಿ ಬೇಡವೆಂದು ಗುಲಾಬಿ, ಅರಬ್ಬಿ ಬೇಡವೆಂದು ಅತ್ತರು ತೆಗೆದ ಮೇಲೆ ಆ ಅಂಗಡಿಯಲ್ಲಿ ಮಾರಲು ಏನಿರುತ್ತದೆ?

ಬ. ಪಾ., ಕಲಬುರಗಿ:

ಹಂಗಾಮು ಪಾರಸಿ ಇರಬಹುದು, ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಅಂತ ಹೊಲದಾಗ ನಿಂತು ಎಷ್ಟೋ ಕಾಲ ಆತು. ಯಾರ ಅಪ್ಪಣೆನೂ ಬೇಕಿಲ್ಲ ಅದಕ್ಕ. ಆದ್ರ ಮೈಸೂರು ಕಡೆಯವರು ‘ಹಂಗಾಮಿ’ ಅಂದ್ರ ‘ತಾತ್ಕಾಲಿಕ’ ಅಂತ ತಿಳೀತಾರ, ಹಂಗಾಮಿ ಕುಲಪತಿ ಇದ್ದಂಗ. ಕರಪತ್ರ ಹುಬ್ಬಳ್ಳಿಯೊಳಗ ಹಂಚಿದ್ರ ಇರ್ಲಿ. ದಾವಣಗೆರೆ ದಾಟಿದ್ರ ಗೌಡ್ರು ಹೇಳಿದ ‘ಈ ಚಳಿಗೆ ಹೊಸತು’ ಚಲೋ ಅದ.

ಸು. ಕ.:

ಕರಪತ್ರ ತುಮಕೂರಿನವರೆಗೂ ಹೋಗುತ್ತದೆ, ಹಾಗಾಗಿ ‘ಈ ಚಳಿಗೆ ಹೊಸತು’. ಫೌಂಡೇಶನ್, ಆಮ್ಲ, ಸ್ಪಂಜು, ಹಚ್ಚಿ ನೋಡುವುದು ಎಲ್ಲ ಮೇಲಿನಂತೆಯೇ ಹಾಕಿದ್ದೇನೆ, ಪ್ರೈಮರ್ ಪ್ರೈಮರ್ರೇ. ಉಳಿದ ಎರಡು ಸಾಲು ನೋಡಿ: ‘ಲೇಬಲಿನ ಮೇಲೆ ತೆರೆದ ಡಬ್ಬದ ಚಿತ್ರದಲ್ಲಿ 12ಎಂ (12M) ಎಂದಿದ್ದರೆ 12 ತಿಂಗಳಲ್ಲಿ ಬಳಸಿ.’ ‘ತೊಳೆದ ಬ್ರಶ್ಶನ್ನು ಲೋಟದಲ್ಲಿ ನಿಲ್ಲಿಸಿ ಒಣಗಿಸಿ.’

ವ. ಶೆ.:

ಮೊದಲನೆಯದು ‘ಮುಚ್ಚಳ ತೆರೆದ ದಿನದಿಂದ 12 ತಿಂಗಳೊಳಗೆ’ ಆಗಬೇಕು, ಇಲ್ಲದಿದ್ದರೆ ಕೊಂಡ ದಿನದಿಂದ ಎಣಿಸುತ್ತಾರೆ. ಮಸ್ಕಾರಕ್ಕೆ ಇನ್ನೂ ಕಡಿಮೆ, ಮೂರರಿಂದ ಆರು ತಿಂಗಳು. ಪ್ರತಿ ಸಲ ರೆಪ್ಪೆಗೆ ತಾಗಿದ ಕಡ್ಡಿಯೇ ಮತ್ತೆ ಕೊಳವೆಯೊಳಗೆ ಹೋಗುತ್ತದೆ. ಎರಡನೆಯದರಲ್ಲಿ ‘ನಿಲ್ಲಿಸಿ’ ಹೊಡೆದುಹಾಕಿ. ನಿಲ್ಲಿಸಿದರೆ ನೀರೆಲ್ಲ ಬಳೆಯೊಳಕ್ಕೇ ಇಳಿಯುತ್ತದೆ. ‘ಟವೆಲಿನ ಮೇಲೆ ಮಲಗಿಸಿ, ಕೂದಲು ಮೇಜಿನ ಅಂಚಿನಿಂದ ಹೊರಗಿರುವ ಹಾಗೆ.’