2027ರ ಈಸ್ಟರ್ ನಮಗೆ ಮಾರ್ಚ್ 28, ಗ್ರೀಸ್ ಮತ್ತು ಇಥಿಯೋಪಿಯಾದವರಿಗೆ ಮೇ 2. ಯಾಕೆ?

ರಜೆಪಟ್ಟಿ_27 ಕೇಳಿದ್ದು:
ಅಥೆನ್ಸ್ ಮತ್ತು ಆಡಿಸ್ ಅಬಾಬಾದ ತಂಡಗಳಿಗೂ ಹೊಂದುವ ಹಾಗೆ 2027ರ ರಜೆಪಟ್ಟಿ ಮಾಡಬೇಕಿದೆ. ನಮ್ಮ ಕ್ಯಾಲೆಂಡರಿನಲ್ಲಿ ಈಸ್ಟರ್ ಮಾರ್ಚ್ 28, ಅವರದು ಮೇ 2. ಒಂದೇ ಹಬ್ಬಕ್ಕೆ ಐದು ವಾರದ ಅಂತರ ಹೇಗೆ? 2025ರಲ್ಲಿ ಎಲ್ಲರಿಗೂ ಏಪ್ರಿಲ್ 20 ಆಗಿತ್ತಲ್ಲ? ಮುಂದಿನ ವರ್ಷಗಳದ್ದನ್ನು ನಾವೇ ಲೆಕ್ಕ ಹಾಕಬಹುದಾ? ಇನ್ನೊಂದು ವಿಷಯ: ಏಪ್ರಿಲ್‌ನಲ್ಲಿ ಇಬ್ಬರು ಇಥಿಯೋಪಿಯಾದಿಂದ ಬೆಂಗಳೂರಿಗೆ ಬರುತ್ತಾರೆ. ಆಗ ಅವರಿಗೆ ಉಪವಾಸ ಇರುತ್ತದಂತೆ. ಊಟಕ್ಕೆ ಏನು ಹೇಳಿಡಲಿ?

ಹುಣ್ಣಿಮೆ_ಲೆಕ್ಕ:
ಸೂತ್ರ ಇಬ್ಬರದೂ ಒಂದೇ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು, ಅದು ಕಳೆದ ಮೇಲಿನ ಭಾನುವಾರ ಈಸ್ಟರ್. ಹುಣ್ಣಿಮೆಯೇ ಭಾನುವಾರ ಬಿದ್ದರೆ ಅದರ ಮುಂದಿನ ಭಾನುವಾರ. ಜಗಳ ಇರುವುದು ಯಾವ ಮಾರ್ಚ್ 21, ಯಾವ ಹುಣ್ಣಿಮೆ ಎನ್ನುವುದರಲ್ಲಿ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು 1582ರ ಗ್ರೆಗೋರಿಯನ್ ಪಂಚಾಂಗದವರು. ಗ್ರೀಸ್, ರಷ್ಯಾ, ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಗಳು, ಅಂದರೆ ಚರ್ಚುಗಳು, ಈಸ್ಟರಿಗೆ ಇವತ್ತಿಗೂ ಹಳೆಯ ಲೆಕ್ಕವನ್ನೇ ಹಿಡಿಯುತ್ತವೆ. ಹಳೆಯ ಜೂಲಿಯನ್ ಪಂಚಾಂಗ ಈಗ 13 ದಿನ ಹಿಂದಿದೆ. ಅದರ ಮಾರ್ಚ್ 21 ಎಂದರೆ ನಮ್ಮ ಏಪ್ರಿಲ್ 3.

2027ನ್ನೇ ನೋಡಿ. ಹೋಳಿ ಹುಣ್ಣಿಮೆ ಮಾರ್ಚ್ 22ಕ್ಕೆ. 21 ದಾಟಿದೆಯಾದ್ದರಿಂದ ರೋಮಿನವರು ಅದನ್ನೇ ಹಿಡಿದು ಭಾನುವಾರ 28ಕ್ಕೆ ಹಬ್ಬ ಮಾಡುತ್ತಾರೆ. ಹಳೆಯ ಲೆಕ್ಕದಲ್ಲಿ ಅದೇ ದಿನ ಇನ್ನೂ ಮಾರ್ಚ್ 9, ಹಾಗಾಗಿ ಅದು ಲೆಕ್ಕಕ್ಕಿಲ್ಲ. ದವನದ ಹುಣ್ಣಿಮೆವರೆಗೆ ಕಾಯಬೇಕು. ಆಕಾಶದಲ್ಲಿ ಆ ಹುಣ್ಣಿಮೆ ಏಪ್ರಿಲ್ 20ರ ರಾತ್ರಿ. ಆದರೆ ಚರ್ಚುಗಳು ಆಕಾಶ ನೋಡುವುದಿಲ್ಲ, ಹುಣ್ಣಿಮೆಯ ತಾರೀಖನ್ನು ಕೋಷ್ಟಕದಿಂದ ತೆಗೆಯುತ್ತವೆ. ಹಳೆಯ 19 ವರ್ಷದ ಚಕ್ರದ ಕೋಷ್ಟಕ ನಿಜವಾದ ಚಂದ್ರನಿಗಿಂತ ನಾಲ್ಕೈದು ದಿನ ತಡವಾಗಿ ಓಡುತ್ತಿದೆ, ಅದರ ಪ್ರಕಾರ ಹುಣ್ಣಿಮೆ ಏಪ್ರಿಲ್ 25. ಅವತ್ತು ಭಾನುವಾರ! ಹೀಗಾಗಿ ಇನ್ನೊಂದು ವಾರ ಮುಂದೆ ಹೋಗಿ ಮೇ 2ಕ್ಕೆ ನಿಂತಿತು. ಪಂಚಾಂಗ ಬೇರೆಯಾದಾಗ ಒಂದೇ ಏಕಾದಶಿ ಎರಡು ಮಠಗಳಲ್ಲಿ ಎರಡು ದಿನ ಬರುತ್ತದಲ್ಲ, ಅದೇ ಥರ. ನಂಬಿಕೆಯ ಭೇದ ಇದರಲ್ಲಿ ಇಲ್ಲ.

2025ರಲ್ಲಿ ಹೊಸ ಕೋಷ್ಟಕದ ಹುಣ್ಣಿಮೆ ಏಪ್ರಿಲ್ 13, ಹಳೆಯದರದು 17. ಎರಡಕ್ಕೂ ಮುಂದಿನ ಭಾನುವಾರ 20, ಅದಕ್ಕೇ ಕೂಡಿಬಂತು.

ಗ್ರೀಸ್, ಇಥಿಯೋಪಿಯಾದವರ ಈಸ್ಟರ್ ನೀವೇ ಲೆಕ್ಕ ಹಾಕಲು: ಇಸವಿಯನ್ನು 4, 7, 19ರಿಂದ ಭಾಗಿಸಿ ಶೇಷ ಬರೆದುಕೊಳ್ಳಿ. 2027ಕ್ಕೆ 3, 4, 13. ಮೂರನೆಯದನ್ನು 19ರಿಂದ ಗುಣಿಸಿ 15 ಕೂಡಿಸಿ, 30ರಿಂದ ಭಾಗಿಸಿದ ಶೇಷ 'ಡಿ': 262, ಶೇಷ 22. ಮೊದಲನೆಯದರ ಎರಡರಷ್ಟು, ಎರಡನೆಯದರ ನಾಲ್ಕರಷ್ಟು ಕೂಡಿಸಿ, 'ಡಿ' ಕಳೆದು, 34 ಸೇರಿಸಿ, 7ರಿಂದ ಭಾಗಿಸಿದ ಶೇಷ 'ಇ': 34, ಶೇಷ 6. 'ಡಿ', 'ಇ', 114 ಕೂಡಿಸಿದರೆ 142. ಅದನ್ನು 31ರಿಂದ ಭಾಗಿಸಿ: ಭಾಗಲಬ್ಧ 4 ತಿಂಗಳು, ಶೇಷ 18ಕ್ಕೆ ಒಂದು ಕೂಡಿಸಿದರೆ 19 ತಾರೀಖು. ಇದು ಹಳೆಯ ಏಪ್ರಿಲ್ 19. 13 ಸೇರಿಸಿ, ಮೇ 2. ಹೆಚ್ಚಿನವರು ಎಡವುವುದು ಈ ಕೊನೆಯ 13ನ್ನು ಮರೆತು.

ಒಗ್ಗರಣೆ_ಸೌಟು:
ಊಟದ ವಿಷಯಕ್ಕೆ ಬರುತ್ತೇನೆ, ಹೆಚ್ಚು ತಪ್ಪಾಗುವುದು ಇಲ್ಲೇ. ಮಂಗಳೂರಿನ ಕ್ಯಾಥೊಲಿಕರ ತಪಸ್ಸು ಕಾಲ (ಈಸ್ಟರಿಗೆ ಮೊದಲಿನ ವ್ರತದ ವಾರಗಳು) ನೋಡಿದವರು ಇಥಿಯೋಪಿಯಾದ್ದೂ ಹಾಗೇ ಇರಬಹುದು ಅಂದುಕೊಳ್ಳುತ್ತಾರೆ. ಕ್ಯಾಥೊಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಈಸ್ಟರಿಗೆ ಎರಡು ದಿನ ಮೊದಲಿನ ಶುಭ ಶುಕ್ರವಾರ. ಅದೂ 18ರಿಂದ 59ರ ವಯಸ್ಸಿನವರಿಗೆ, ಒಂದು ಪೂರ್ತಿ ಊಟದ ಜತೆ ಎರಡು ಸಣ್ಣ ಫಲಾಹಾರಕ್ಕೆ ಅವಕಾಶ ಇದೆ. ಮಾಂಸ ಬಿಡುತ್ತಾರೆ, ಮೀನು, ಮೊಟ್ಟೆ, ಹಾಲು ನಡೆಯುತ್ತದೆ.

ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯವರ ಈಸ್ಟರ್ ಮುಂಚಿನ ಉಪವಾಸ 'ಹುದಾದೆ' 55 ದಿನ, 2027ರಲ್ಲಿ ಮಾರ್ಚ್ 8ರಿಂದ. ಮಾಂಸ, ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಇಲ್ಲ. ನಮ್ಮ ಹೋಟೆಲಿನ 'ಶುದ್ಧ ಸಸ್ಯಾಹಾರಿ' ಬೋರ್ಡ್ ನಂಬಿ ಕೂತರೆ ಕೆಟ್ಟಿತು. ಇಡ್ಲಿಯ ಮೇಲೆ ಸುರಿದ ತುಪ್ಪ, ಬೆಣ್ಣೆ ದೋಸೆ, ಮಜ್ಜಿಗೆ ಹುಳಿ, ಪನೀರ್, ಹಾಲು ಹಾಕಿದ ಕಾಫಿ ಎಲ್ಲವೂ ನಿಷಿದ್ಧ. ಅಡುಗೆಯವರಿಗೆ 'ಒಗ್ಗರಣೆಗೆ ಎಣ್ಣೆ ಮಾತ್ರ, ತುಪ್ಪ ಒಂದು ತೊಟ್ಟೂ ಬೇಡ' ಅಂತ ಬಿಡಿಸಿ ಹೇಳಿ. ಸೋಮವಾರದಿಂದ ಶುಕ್ರವಾರ ಸುಮಾರು ಮಧ್ಯಾಹ್ನ 3ರವರೆಗೆ ಬಹಳ ಜನ ನೀರನ್ನೂ ಮುಟ್ಟುವುದಿಲ್ಲ. ಆದ್ದರಿಂದ 1 ಗಂಟೆಗೆ ಊಟಕ್ಕೆ ಕರೆಯಬೇಡಿ, 3 ಗಂಟೆಯ ಮೇಲಿಡಿ. ಶನಿವಾರ, ಭಾನುವಾರ ಬೆಳಿಗ್ಗೆಯೇ ತಿನ್ನಬಹುದು, ಪದಾರ್ಥದ ನಿಷೇಧ ಮಾತ್ರ ಹಾಗೇ ಇರುತ್ತದೆ. ರಾಗಿ ಮುದ್ದೆ, ಉಪ್ಪುಸಾರು, ಕಾಳಿನ ಹುಳಿ, ಚಿತ್ರಾನ್ನ, ತುಪ್ಪ ಹಾಕದ ದೋಸೆ ಎಲ್ಲ ಸರಿಹೋಗುತ್ತದೆ. ಹುಳಿ ಬಂದ ಹಿಟ್ಟಿನ ಇಂಜೆರಾ ತಿಂದು ಬೆಳೆದವರಿಗೆ ದೋಸೆಯ ಹುಳಿ ಹೊಸದಲ್ಲ. ಮೀನಿನ ಬಗ್ಗೆ ಅಲ್ಲಿ ಎಲ್ಲರದೂ ಒಂದೇ ನಡೆ ಇಲ್ಲ, ಕೇಳದೆ ಬಡಿಸಬೇಡಿ.

ಗ್ರೀಕರು ಮಾರ್ಚ್ 15ರ ಸೋಮವಾರ ಶುರುಮಾಡುತ್ತಾರೆ, ಅವತ್ತು ಅಲ್ಲಿ ಸರ್ಕಾರಿ ರಜೆ. ಅವರೂ ಹಾಲು, ಮೊಟ್ಟೆ ಬಿಡುತ್ತಾರೆ. ಆದರೆ ರಕ್ತವಿಲ್ಲದ ಜೀವಿಗಳೆಂದು ಸಿಗಡಿ, ಆಕ್ಟೋಪಸ್ ತಿನ್ನುತ್ತಾರೆ. ಮೀನಿಗೆ ಮಾರ್ಚ್ 25 ಮತ್ತು ಗರಿಗಳ ಭಾನುವಾರ (ಈಸ್ಟರಿಗೆ ಹಿಂದಿನ ಭಾನುವಾರ) ಅನುಮತಿ.

ಹಳೇ_ಗಡಿಯಾರ:
ಎರಡು ಎಚ್ಚರಿಕೆ. 'ಯೆಹೂದ್ಯರ ಪಸ್ಕ ಹಬ್ಬ ಮುಗಿಯಲಿ ಅಂತ ಆರ್ಥೊಡಾಕ್ಸರು ಕಾಯುತ್ತಾರೆ' ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಮೇಲಿನ ಲೆಕ್ಕದಲ್ಲಿ ಪಸ್ಕದ ತಾರೀಖು ಎಲ್ಲಿಯೂ ಬರುವುದಿಲ್ಲ, ನೀವೇ ಗಮನಿಸಿ.

ಎರಡನೆಯದು, 'ಆರ್ಥೊಡಾಕ್ಸ್' ಹೆಸರು ನೋಡಿ ದಿನ ಗೊತ್ತುಮಾಡಬೇಡಿ. ಕೇರಳ ಮೂಲದ ಮಲಂಕರ ಆರ್ಥೊಡಾಕ್ಸ್ ಸಭೆಯವರು ಬೆಂಗಳೂರಿನಲ್ಲೂ ಮಾರ್ಚ್ 28ಕ್ಕೇ ಆಚರಿಸುತ್ತಾರೆ. ಫಿನ್‌ಲೆಂಡಿನ ಆರ್ಥೊಡಾಕ್ಸ್ ಸಭೆಯೂ ಅಷ್ಟೆ. ಕ್ರಿಸ್ಮಸ್‌ಗೆ ಈ ಗುಂಪುಗಳೇ ಬದಲಾಗುತ್ತವೆ: ಗ್ರೀಸಿಗೆ ಡಿಸೆಂಬರ್ 25, ಇಥಿಯೋಪಿಯಾಕ್ಕೆ ಜನವರಿ 7. ರಜೆಪಟ್ಟಿಯಲ್ಲಿ ಅಥೆನ್ಸಿಗೆ ಏಪ್ರಿಲ್ 30 ಮತ್ತು ಮೇ 3, ಆಡಿಸ್ ಅಬಾಬಾಕ್ಕೆ ಏಪ್ರಿಲ್ 30 ಮತ್ತು ಮೇ 2 ಗುರುತು ಹಾಕಿಕೊಳ್ಳಿ.