ಪದಚರ್ಚೆ: ದೇಶವೇ ಕ್ಲಬ್ಬಿನ ‘ಒಡೆಯ’ನಾದಾಗ

ಬಲ್ಲವರಲ್ಲಿ ಒಂದು ಕೇಳಿಕೆ. ದೇಶಗಳೇ ಫುಟ್‌ಬಾಲ್ ಕ್ಲಬ್ಬುಗಳನ್ನು ಕೊಳ್ಳುವುದರ ಕುರಿತು ಪುಟ್ಟ ಲೇಖನ ಬರೆಯಲು ಕುಳಿತವನು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುವುದರಲ್ಲಿ ಸಿಕ್ಕಿಕೊಂಡಿದ್ದೇನೆ.

‘ಸ್ಟೇಟ್’ ಹೇಗೋ ಬಗೆಹರಿಯಿತು. ‘ರಾಜ್ಯದ ಒಡೆತನ’ ಎಂದರೆ ನಮ್ಮ ಓದುಗರು ವಿಧಾನಸೌಧದ ಕಡೆ ನೋಡುತ್ತಾರೆ. ‘ಸರ್ಕಾರಿ ಕ್ಲಬ್’ ಎಂದರೆ ಸೋರುವ ಮಾಡು, ಹಾಜರಿ ಪುಸ್ತಕ ಕಣ್ಣಿಗೆ ಬರುತ್ತವೆ. ‘ಪ್ರಭುತ್ವ’ ಎಂದೇ ಬರೆದೆ. ಕತಾರ್, ಸೌದಿಗಳಲ್ಲಿ ಪ್ರಭುವೇ ಪ್ರಭುತ್ವವಾದ್ದರಿಂದ ಮಾತು ಇನ್ನಷ್ಟು ನೇರವಾಯಿತು.

ತೊಡಕಿರುವುದು ‘ಓನರ್’ನಲ್ಲಿ. ಇಂಗ್ಲೆಂಡಿನ ನ್ಯೂಕಾಸಲ್ ಯುನೈಟೆಡ್ 2021ರ ಅಕ್ಟೋಬರ್ 7ರಂದು ಸುಮಾರು 30.5 ಕೋಟಿ ಪೌಂಡಿಗೆ ಕೈಬದಲಾಯಿತು. ಅಂದು ಶೇ 80ರಷ್ಟು ಪಾಲು ಸೌದಿಯ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್ ಎಂಬ, ದೇಶದ ಹಣ ಹೂಡುವ ನಿಧಿಯದಾಯಿತು. ಆ ನಿಧಿಯ ಅಧ್ಯಕ್ಷ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಆದರೂ ಸೌದಿ ಪ್ರಭುತ್ವ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲವೆಂದು ಕಾನೂನಿಗೆ ಬದ್ಧವಾದ ಭರವಸೆ ಸಿಕ್ಕಿದೆ ಎಂದಿತು ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಟೂರ್ನಿ ನಡೆಸುವ ಪ್ರೀಮಿಯರ್ ಲೀಗ್. ಅದರ ಲೆಕ್ಕದಲ್ಲಿ ಮಾಲೀಕ ಬೇರೆ, ಅರಸ ಬೇರೆ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಗಾಲ್ಫ್ ವ್ಯಾಜ್ಯ ನಡೆದು ದಾಖಲೆ ಕೊಡಿ ಎಂದಾಗ ಅದೇ ನಿಧಿಯ ವಕೀಲರು ಮಾತು ತಿರುಗಿಸಿದರು: ನಿಧಿ ಪ್ರಭುತ್ವದ ಅಂಗ, ಅದರ ಗವರ್ನರ್ ಯಾಸಿರ್ ಅಲ್ ರುಮಯ್ಯಾನ್ ಹಾಲಿ ಮಂತ್ರಿ, ಹಾಗಾಗಿ ವಿನಾಯಿತಿ ಬೇಕು. ಈ ರುಮಯ್ಯಾನ್ ಅವರೇ ನ್ಯೂಕಾಸಲ್ ಕ್ಲಬ್ಬಿನ ಅಧ್ಯಕ್ಷರು.

ಲೀಗು ಬಿಡಿಸಿಟ್ಟ ಈ ಎರಡನ್ನು ಕನ್ನಡದ ‘ಒಡೆಯ’ ಬಿಡಿಸುವುದೇ ಇಲ್ಲ. ಹೊಲದ ಒಡೆಯನೂ ಒಡೆಯನೇ, ಮೈಸೂರಿನ ಅರಸರೂ ಒಡೆಯರೇ. ಹಾಗಾದರೆ ಅರಸುತನದ ವಾಸನೆಯಿಲ್ಲದ ‘ಮಾಲೀಕ’ ಇರಲಿ ಎಂದುಕೊಂಡೆ. ಅದೂ ಅರಬ್ಬಿಯಿಂದ ಬಂದದ್ದು. ಅಲ್ಲಿ ‘ಮಾಲಿಕ್’ ಎಂದರೆ ಸ್ವತ್ತುಳ್ಳವನು, ‘ಮಲಿಕ್’ ಎಂದರೆ ದೊರೆ, ಧಾತು ಒಂದೇ. ಒಂದು ದೀರ್ಘದಷ್ಟು ಅಂತರ! ನನಗಂತೂ ಲೀಗಿನ ಭರವಸೆಗಿಂತ ಈ ದೀರ್ಘವೇ ಹೆಚ್ಚು ಪ್ರಾಮಾಣಿಕವಾಗಿ ಕಂಡಿತು. ಆದರೆ ‘ಒಡೆಯ’ ಎಂದು ಬರೆದರೆ ಲೇಖಕ ಮೊದಲೇ ತೀರ್ಪು ಕೊಟ್ಟಂತಾಗುತ್ತದೆಯೇ?

ಎರಡನೆಯದು ‘ಸ್ಪೋರ್ಟ್ಸ್‌ವಾಶಿಂಗ್’, ಎಂದರೆ ಆಟಕ್ಕೆ ಹಣ ಸುರಿದು ಕೆಟ್ಟ ಹೆಸರನ್ನು ತೊಳೆದುಕೊಳ್ಳುವುದು. ‘ಆಟದ ಸುಣ್ಣ ಬಳಿಯುವುದು’ ಎಂದು ಗೆಳೆಯರೊಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಹಬ್ಬದ ಮುಂಚೆ ಗೋಡೆಗೆ ಸುಣ್ಣ ಬಳಿಯುವುದರಲ್ಲಿ ಕಪಟವಿಲ್ಲ. ಬೆಣ್ಣೆಯ ಜೊತೆ ಬಂದರಂತೂ ಅದು ಪಕ್ಷಪಾತದ ಮಾತು. ‘ಮರೆಮಾಚುವುದು’ ಎನ್ನೋಣವೆಂದರೆ, ಸ್ಪೋರ್ಟ್ಸ್‌ವಾಶಿಂಗ್‌ನಿಂದ ಜಿಡಿಪಿ ಶೇ 1ರಷ್ಟು ಏರುವುದಾದರೆ ಅದನ್ನು ಮುಂದುವರಿಸುವೆ ಎಂದು ಯುವರಾಜರೇ 2023ರಲ್ಲಿ ಟಿವಿ ಸಂದರ್ಶನದಲ್ಲಿ ಹೇಳಿದ್ದಾರೆ. ಮುಚ್ಚಿಡುವವರು ಹೀಗೆ ಹೇಳುತ್ತಾರೆಯೇ?

ನನಗೆ ಹೊಳೆದದ್ದು ‘ಮಡಿ’. ಒಗೆದ ಬಟ್ಟೆಯೂ ಮಡಿ, ಅದನ್ನುಟ್ಟು ಯಾರೂ ಮುಟ್ಟದಂತೆ ನಿಲ್ಲುವುದೂ ಮಡಿ. ಖರೀದಿಯ ದಿನ ನ್ಯೂಕಾಸಲ್ ಕ್ಲಬ್ಬಿನ ಮೈದಾನ ಸೇಂಟ್ ಜೇಮ್ಸ್ ಪಾರ್ಕ್ ಎದುರು ಸೇರಿದ ಅಭಿಮಾನಿಗಳಲ್ಲಿ ಕೆಲವರು ಅಡುಗೆಮನೆಯ ಚೌಕವನ್ನೇ ಅರಬರ ರುಮಾಲಿನಂತೆ ತಲೆಗೆ ಸುತ್ತಿ ಕುಣಿದಿದ್ದರು. ಹಳೆಯ ಮಾಲೀಕ ಮೈಕ್ ಆಶ್ಲಿಯೊಂದಿಗೆ 14 ವರ್ಷ ಏಗಿದ್ದವರು, ಅವರ ಸಂತೋಷವನ್ನು ಹಳಿಯಲಾರೆ. ಆದರೆ 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನೊಳಗೆ ಕೊಲೆಯಾದ ಪತ್ರಕರ್ತ ಜಮಾಲ್ ಖಶೋಗ್ಗಿ ಅವರನ್ನು ಮದುವೆಯಾಗಬೇಕಿದ್ದ ಹತೀಜೆ ಜೆಂಗಿಜ್ ಈ ಖರೀದಿ ತಡೆಯಿರೆಂದು ಬೇಡಿಕೊಂಡಿದ್ದರು. ಆ ಮಾತು ಅಂದಿನ ಗದ್ದಲದಲ್ಲಿ ಯಾರ ಕಿವಿಗೂ ಬೀಳುವಂತಿರಲಿಲ್ಲ. ಪ್ರಶ್ನೆ ಮುಟ್ಟದಂತೆ ಮಾಡುವ ಈ ಬಗೆಗೆ ‘ಆಟಮಡಿ’ ಒಗ್ಗುತ್ತದೆಂದು ನನ್ನ ಊಹೆ. ಅಳುಕಿರುವುದು ಮಡಿಗೆ ಅಂಟಿರುವ ಜಾತಿಯ ನೆನಪಿನದು. ಅರಬ್ ದೊರೆಗಳ ಸುದ್ದಿಗೆ ಅದನ್ನು ಎಳೆದು ತರಬಹುದೇ?

ಗುರುವಾರ ಲೇಖನ ಕೊಡಬೇಕು. ಸದ್ಯಕ್ಕೆ ಕರಡಿನಲ್ಲಿ ‘ಒಡೆಯ’ ಇದ್ದಾನೆ. ಎರಡನೆಯ ಪದದ ಜಾಗದಲ್ಲಿ ಗೆರೆ ಎಳೆದು ಬಿಟ್ಟಿದ್ದೇನೆ.